ಮೊಲವನ್ನು ಪ್ರದರ್ಶನಕ್ಕೆ ಒಯ್ಯುವುದೋ ಬೇಡವೋ: ಶಿಡ್ಲಘಟ್ಟದ ಕಡೆಯ ಒಂದು ಮನೆಯ ಪ್ರಕರಣ

ಜನವರಿ ಕೊನೆಯ ವಾರದ ಒಂದು ಸಂಜೆ. ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಿಂದ ಅಪ್ಪ, ಅಮ್ಮ, ಎಂಟನೇ ಕ್ಲಾಸಿನ ಮಗಳು ಮೂವರೂ ಚಿಕ್ಕಬಳ್ಳಾಪುರದ ನನ್ನ ಕ್ಲಿನಿಕ್ಕಿಗೆ ಬಂದರು. ಅಪ್ಪನ ಕೈಯಲ್ಲಿ ಟೊಮೆಟೊ ಕ್ರೇಟು. ಅದರ ಮೇಲೆ ಇನ್ನೊಂದು ಕ್ರೇಟು ಬೋರಲು ಹಾಕಿ ಹಗ್ಗ ಬಿಗಿದಿದ್ದರು. ಒಳಗೆ ಎರಡು ಮೊಲ.

“ಒಂದು ಸಹಿ ಬೇಕಿತ್ತು ಡಾಕ್ಟ್ರಮ್ಮ. ಎರಡೇ ನಿಮಿಷ” ಎಂದರು ಅಪ್ಪ.

ಮಾರ್ಚ್ ಎರಡನೇ ಭಾನುವಾರ ಬೆಂಗಳೂರಿನಲ್ಲಿ ಸಾಕುಪ್ರಾಣಿಗಳ ಪ್ರದರ್ಶನ ಇತ್ತು. ನಾಯಿ, ಬೆಕ್ಕಿನ ಜೊತೆ ಮೊಲಕ್ಕೂ ಒಂದು ವಿಭಾಗ. ಅರ್ಜಿ ಜೊತೆ ಪಶುವೈದ್ಯರು ಕೊಟ್ಟ ಆರೋಗ್ಯ ಪ್ರಮಾಣಪತ್ರ ಲಗತ್ತಿಸಬೇಕು. ಹುಡುಗಿ ಅರ್ಜಿಯನ್ನು ಆಗಲೇ ತುಂಬಿದ್ದಳು, ದುಂಡಗಿನ ಅಕ್ಷರದಲ್ಲಿ. ಬಾಕಿ ಇದ್ದದ್ದು ನನ್ನ ಸಹಿ ಮತ್ತು ಸೀಲು.

ಆ ಸಹಿ ಹಾಕಲು ನನಗೆ ಆರು ತಿಂಗಳು ಬೇಕಾಯಿತು. ಅದೂ ಒಂದೇ ಮೊಲಕ್ಕೆ, ಬೇರೆಯೇ ಪ್ರದರ್ಶನಕ್ಕೆ. ಏನೇನಾಯಿತು ಎಂದು ಪೂರ್ತಿ ಬರೆಯುತ್ತಿದ್ದೇನೆ, ಏಕೆಂದರೆ ಈಚೆಗೆ ಇದೇ ಪ್ರಶ್ನೆ ಹಿಡಿದು ಬರುವವರು ಜಾಸ್ತಿ ಆಗಿದ್ದಾರೆ. ಬರೆಯಲು ಮನೆಯವರ ಒಪ್ಪಿಗೆ ಇದೆ. ತಮ್ಮ ಹೆಸರು ಬೇಡ ಎಂದರು. ಮೊಲಗಳ ಹೆಸರು ಮಾತ್ರ ಇರಲೇಬೇಕು ಎಂದಳು ಹುಡುಗಿ. ಗುಂಡ, ಮಲ್ಲಿಗೆ.

ಮನೆ ಮತ್ತು ಮೊಲಗಳು

ಮೂರು ಎಕರೆ ಹಿಪ್ಪುನೇರಳೆ ತೋಟ, ಪಕ್ಕದಲ್ಲೇ ಹುಳು ಮನೆ. ಒಂದು ಬೆಳೆ ಇಳಿಸಿದರೆ ಇನ್ನೊಂದು ಬೆಳೆ ತಯಾರು. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತದೆ. ಈ ಮನೆಯಲ್ಲಿ ಗೂಡು ಅಂದರೆ ರೇಷ್ಮೆಗೂಡು ಒಂದೇ. ಮೊಲದ ಗೂಡಿಗೆ ಕೇಜು ಅನ್ನುತ್ತಾರೆ. ಹುಳುವಿಗೆ ಹಾಕಿ ಉಳಿದ ಸೊಪ್ಪು ಮೊಲಗಳಿಗೆ. ಔಷಧಿ ಹೊಡೆದ ಸಾಲಿನ ಸೊಪ್ಪನ್ನು ಅವಧಿ ಮುಗಿಯುವ ತನಕ ಹುಳುವಿಗೂ ಮುಟ್ಟಿಸುವುದಿಲ್ಲ, ಮೊಲಕ್ಕೂ ಮುಟ್ಟಿಸುವುದಿಲ್ಲ. ಇದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಗುಂಡ ಎರಡು ವರ್ಷದ ಗಂಡು. ಕಂದು ಬಣ್ಣ, ಕಿವಿ ಜೋಲು. ತೂಕ 2.3 ಕೆ.ಜಿ. ಮಲ್ಲಿಗೆ ಅಷ್ಟೇ ವಯಸ್ಸಿನ ಹೆಣ್ಣು. ಬಿಳಿ ಮೈ, ಕೆಂಪು ಕಣ್ಣು, ನಮ್ಮ ಕಡೆ ಎಲ್ಲೆಲ್ಲೂ ಸಿಗುವ ನ್ಯೂಜಿಲೆಂಡ್ ವೈಟ್ ತಳಿ. ತೂಕ 3.6 ಕೆ.ಜಿ. ಎರಡಕ್ಕೂ ಅಕ್ಕಪಕ್ಕದ ಕೇಜು. ಎರಡು ಸಲ ಮರಿ ಹಾಕಿಸಿದ್ದರು.

ಪ್ರದರ್ಶನದ ಆಸೆ ಮೂವರಿಗೂ ಒಂದೇ ಆಗಿರಲಿಲ್ಲ. ಹುಡುಗಿಗೆ ಗುಂಡನನ್ನು ನಾಲ್ಕು ಜನರಿಗೆ ತೋರಿಸಬೇಕು. ಅಪ್ಪನದು ವ್ಯವಹಾರದ ಲೆಕ್ಕ. “ಪ್ರೈಜ್ ಬಂದ ಮೊಲದ ಮರಿ ಅಂದ್ರೆ ರೇಟೇ ಬೇರೆ ಅಲ್ವಾ” ಎಂದರು. ತಪ್ಪೇನಿಲ್ಲ, ಸಾಕುವ ಖರ್ಚು ಅವರದೇ. ಅಮ್ಮನಿಗೆ ಮಾರ್ಚ್ ಎಂದ ಕೂಡಲೇ ಪರೀಕ್ಷೆಯ ಚಿಂತೆ.

“ಗುಂಡ ಹಾಲೆಂಡ್ ಲಾಪ್ ಅಲ್ವಾ ಮೇಡಂ?” ಎಂದು ಹುಡುಗಿ ಕೇಳಿದಳು. ಹಾಲೆಂಡ್ ಲಾಪ್ ಅಂದರೆ ಜೋಲು ಕಿವಿಯ ಒಂದು ಪುಟ್ಟ ತಳಿ. ಫೋನಿನಲ್ಲಿ ಬಹಳ ಓದಿಕೊಂಡಿದ್ದಳು. ಅಮೆರಿಕದಲ್ಲಿ ಮೊಲ ಸಾಕುವವರ ಸಂಘ 1910ರಿಂದ ಇದೆ. ಬ್ರಿಟನ್ನಿನಲ್ಲಿ 1934ರಿಂದ. ಒಂದೊಂದು ತಳಿಗೂ ಮೈ ಹೇಗಿರಬೇಕು, ಕಿವಿ ಹೇಗಿರಬೇಕು, ತೂಕ ಎಷ್ಟು ದಾಟಬಾರದು ಎಂದು ಅಲ್ಲಿ ಬರೆದಿಟ್ಟಿದ್ದಾರೆ. ಅಮೆರಿಕದ ಲೆಕ್ಕದಲ್ಲಿ ಹಾಲೆಂಡ್ ಲಾಪ್ ನಾಲ್ಕು ಪೌಂಡ್, ಅಂದರೆ ಸುಮಾರು 1.8 ಕೆ.ಜಿ. ದಾಟುವಂತಿಲ್ಲ. ಎಡಗಿವಿಯಲ್ಲಿ ಹಚ್ಚೆ ನಂಬರು ಇರಬೇಕು. ಬ್ರಿಟನ್ನಿನಲ್ಲಿ ಹಚ್ಚೆ ಬದಲು ಹಿಂಗಾಲಿಗೆ ಉಂಗುರ. ಅಮೆರಿಕದ ಸ್ಪರ್ಧೆಯಲ್ಲಿ ಒಂದು ಉಗುರು ಇಲ್ಲದಿದ್ದರೂ ಮೊಲ ಹೊರಗೆ.

ಗುಂಡನಿಗೆ ಹಚ್ಚೆಯೂ ಇಲ್ಲ, ಉಂಗುರವೂ ಇಲ್ಲ. ಅವನ ಅಪ್ಪ ಅಮ್ಮ ಯಾರು ಎಂದು ಮಾರಿದ ಅಂಗಡಿಯವರಿಗೇ ಗೊತ್ತಿಲ್ಲ. ತೂಕವೂ ಅರ್ಧ ಕಿಲೋ ಹೆಚ್ಚು. ಇದನ್ನು ಹೇಳಿದಾಗ ಹುಡುಗಿಯ ಮುಖ ಸಪ್ಪಗಾಯಿತು. ಆಮೇಲೆ ಇಬ್ಬರೂ ಕೂತು ಬೆಂಗಳೂರಿನ ಅರ್ಜಿಯನ್ನು ಸರಿಯಾಗಿ ಓದಿದೆವು. ಅದರಲ್ಲಿ ತಳಿಯ ಮಾತೇ ಇರಲಿಲ್ಲ. ಮೈ ಶುಚಿಯಾಗಿದೆಯೇ, ಆರೋಗ್ಯವಾಗಿದೆಯೇ, ಕೈಗೆ ಹೊಂದಿಕೊಂಡಿದೆಯೇ, ಇಷ್ಟನ್ನೇ ನೋಡುತ್ತಾರೆ. ಬ್ರಿಟನ್ನಿನ ಪ್ರದರ್ಶನಗಳಲ್ಲೂ ಮನೆಯಲ್ಲಿ ಸಾಕಿದ ಮೊಲಗಳಿಗೆ ಹೀಗೆ ಬೇರೆ ವಿಭಾಗ ಇರುತ್ತದೆ. ತಳಿ ಸ್ಪರ್ಧೆಯೋ, ಸಾಕಣೆಯ ಸ್ಪರ್ಧೆಯೋ ಎಂದು ಮೊದಲೇ ತಿಳಿದುಕೊಳ್ಳದೆ ಎಷ್ಟೋ ಜನ ಮೊಲ ಹೊತ್ತುಕೊಂಡು ಹೋಗಿ ನೊಂದು ಬರುತ್ತಾರೆ.

ಮೇಜಿನ ಮೇಲೆ

ಮೊದಲು ಕ್ರೇಟಿನ ವಿಷಯ. ಗಾಳಿ ಆಡುತ್ತದೆ, ಅದು ಸರಿ. ಆದರೆ ತಳ ನುಣುಪು. ತಿರುವಿನಲ್ಲಿ ಎರಡೂ ಮೊಲ ಒಂದರ ಮೇಲೊಂದು ಜಾರಿ ಬಿದ್ದಿರುತ್ತವೆ. ನೋವಾಗುವ ರೀತಿ ಸಾಗಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರವೂ ತಪ್ಪು ಎಂದೆ. ಅಪ್ಪ ಗಾಬರಿಯಾದರು. ಅವರಿಗೆ ಗೊತ್ತಿರಲಿಲ್ಲ. ಒಂದು ಗೋಣಿಚೀಲ ಹಾಸಿದ್ದರೆ ಸಾಕಿತ್ತು.

“ಬೆಳಗ್ಗೆಯಿಂದ ಏನೂ ಕೊಟ್ಟಿಲ್ಲ ಮೇಡಂ. ದಾರೀಲಿ ವಾಂತಿ ಮಾಡ್ಕೊಂಡ್ರೆ ಅಂತ” ಎಂದರು ಅಮ್ಮ.

ಇದು ಪ್ರೀತಿಯಿಂದ ಮಾಡುವ ತಪ್ಪು. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಅದರ ಹೊಟ್ಟೆ ಸದಾ ಏನಾದರೂ ಅರೆಯುತ್ತಿರಬೇಕು. ಖಾಲಿ ಬಿಟ್ಟರೆ ಕರುಳಿನ ಓಟ ನಿಧಾನವಾಗುತ್ತದೆ, ಗಾಳಿ ತುಂಬುತ್ತದೆ, ನೋವಿಗೆ ಮೊಲ ತಿನ್ನುವುದು ಬಿಡುತ್ತದೆ, ತಿನ್ನದೆ ಕರುಳು ಪೂರ್ತಿ ನಿಲ್ಲುತ್ತದೆ. ಹನ್ನೆರಡು ಗಂಟೆ ಮೊಲ ಏನನ್ನೂ ತಿನ್ನದಿದ್ದರೆ ಅದು ತುರ್ತು. ಪ್ರಯಾಣದಲ್ಲೂ ಮೂತಿಯ ಮುಂದೆ ಹುಲ್ಲು ಇರಲೇಬೇಕು.

ಮೇಜಿನ ಮೇಲೆ ಗೋಣಿಚೀಲ ಹಾಸಿ ಗುಂಡನನ್ನು ಇಟ್ಟೆವು. ಹಲ್ಲು ನೋಡಿದೆ. ಮೇಲಿನ ಬಾಚಿಹಲ್ಲು ಕೆಳಗಿನದರ ಮೇಲೆ ಸರಿಯಾಗಿ ಕೂತಿತ್ತು. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತದೆ, ಆದ್ದರಿಂದ ಈ ಜೋಡಣೆ ಮುಖ್ಯ. ಕಿವಿಯೊಳಗೆ ಹಕ್ಕಳೆ ಇಲ್ಲ, ಅಂದರೆ ಕಿವಿ ಹುಳದ ಕಾಟ ಇಲ್ಲ. ಮೂಗು ಒಣಗಿತ್ತು. ಮುಂಗಾಲಿನ ಒಳಬದಿ ನೋಡಿದೆ. ಮೊಲಕ್ಕೆ ನೆಗಡಿ ಆದರೆ ಮೂಗನ್ನು ಮುಂಗಾಲಿನಿಂದಲೇ ಒರೆಸಿಕೊಳ್ಳುತ್ತದೆ, ಅಲ್ಲಿ ಕೂದಲು ಅಂಟಂಟಾಗಿ ಗಂಟು ಕಟ್ಟಿರುತ್ತದೆ. ಗುಂಡನ ಕಾಲು ಸ್ವಚ್ಛ.

“ನೋಡಿ ಮೇಡಂ, ಎಷ್ಟು ಸುಮ್ನೆ ಕೂತಿದಾನೆ! ಜಡ್ಜ್ ಮುಂದೆನೂ ಹೀಗೇ ಕೂತ್ಕೋತಾನೆ” ಎಂದಳು ಹುಡುಗಿ.

ನಾನು ಅವಳನ್ನು ಹತ್ತಿರ ಕರೆದೆ. ಬಗ್ಗಿ ಅವನ ಕಣ್ಣಿನ ಮಟ್ಟಕ್ಕೆ ಮುಖ ತರಲು ಹೇಳಿದೆ. ಕಣ್ಣಿನ ಅಂಚಿನಲ್ಲಿ ಬಿಳಿ ಕಾಣುತ್ತಿತ್ತು. ಹೊಟ್ಟೆ ಗೋಣಿಗೆ ಒತ್ತಿಕೊಂಡಿತ್ತು. ಮೂಗು ಆಡುತ್ತಲೇ ಇರಲಿಲ್ಲ. ಆರಾಮಾಗಿರುವ ಮೊಲದ ಮೂಗು ಮೆಲ್ಲಗೆ ಆಡುತ್ತಲೇ ಇರುತ್ತದೆ. ಪಕ್ಕೆಯ ಮೇಲೆ ಅವಳ ಎರಡು ಬೆರಳು ಇರಿಸಿ, ಗಡಿಯಾರ ನೋಡಿಕೊಂಡು ಉಸಿರು ಎಣಿಸು ಎಂದೆ. ಅರ್ಧ ನಿಮಿಷಕ್ಕೆ 58. ಅಂದರೆ ನಿಮಿಷಕ್ಕೆ 116. ವಿಶ್ರಾಂತಿಯಲ್ಲಿರುವ ಮೊಲಕ್ಕೆ 30ರಿಂದ 60 ಇರಬೇಕು.

ಅವಳು ಕೈ ತೆಗೆದು ನನ್ನನ್ನೇ ನೋಡಿದಳು. ಮೊಲ ಬೇಟೆಗೆ ಸಿಗುವ ಪ್ರಾಣಿ. ಹೆದರಿದಾಗ ಓಡುತ್ತದೆ. ಓಡಲು ದಾರಿ ಇಲ್ಲದಾಗ ಕಲ್ಲಿನ ಹಾಗೆ ಕೂರುತ್ತದೆ. ಅದನ್ನು ನಾವು ಶಾಂತ ಸ್ವಭಾವ ಅಂದುಕೊಳ್ಳುತ್ತೇವೆ. ಅಪ್ಪ ಫೋನಿನಲ್ಲಿ ವಿಡಿಯೋ ನೋಡಿ ಗುಂಡನನ್ನು ಅಂಗಾತ ಮಲಗಿಸುವುದನ್ನೂ ಅಭ್ಯಾಸ ಮಾಡಿಸಿದ್ದರು. “ಮಲಗಿಸಿದ್ರೆ ಹಾಗೇ ನಿದ್ದೆ ಹೋಗ್ತಾನೆ” ಎಂದರು. ಅದು ನಿದ್ದೆ ಅಲ್ಲ, ಭಯದಿಂದ ಮರಗಟ್ಟುವುದು. ಹಲ್ಲು, ಹೊಟ್ಟೆ ನೋಡಲು ಪಳಗಿದವರು ಒಂದು ಗಳಿಗೆ ಹಾಗೆ ತಿರುಗಿಸುತ್ತಾರೆ. ಮನೆಯಲ್ಲಿ ಆಟಕ್ಕೆ ಮಾಡುವಂಥದ್ದಲ್ಲ.

ಆಮೇಲೆ ಮಲ್ಲಿಗೆ. ಎತ್ತುವಾಗಲೇ ಹಿಂಗಾಲು ಝಾಡಿಸಿದಳು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಪುಕ್ಕಳಿಯ ಕೆಳಗೆ ಕೊಟ್ಟು ನನ್ನ ಮೈಗೆ ಒತ್ತಿ ಹಿಡಿದೆ. ಹಿಂಭಾಗಕ್ಕೆ ಆಸರೆ ಇಲ್ಲದೆ ಎತ್ತಿದರೆ, ಮೊಲ ಜೋರಾಗಿ ಒದ್ದ ರಭಸಕ್ಕೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಅಷ್ಟು ಬಲ ಆ ಕಾಲಿಗೆ, ಅಷ್ಟು ಹಗುರ ಆ ಮೂಳೆ.

ಹಿಂಗಾಲಿನ ಅಡಿ ನೋಡಿದೆ. ನಾಯಿ ಬೆಕ್ಕಿನ ಹಾಗೆ ಮೊಲದ ಅಂಗಾಲಿಗೆ ಮೆತ್ತೆ ಇಲ್ಲ. ದಟ್ಟ ಕೂದಲೇ ಅದರ ಚಪ್ಪಲಿ. ಮಲ್ಲಿಗೆಯ ಹಿಮ್ಮಡಿಯ ಹತ್ತಿರ ಹುಣಸೆ ಬೀಜದಷ್ಟು ಜಾಗದಲ್ಲಿ ಕೂದಲೇ ಇರಲಿಲ್ಲ. ಚರ್ಮ ಕೆಂಪಗೆ ಮಿರುಗುತ್ತಿತ್ತು, ನಡುವೆ ಒಂದು ಒಣ ಹಕ್ಕಳೆ. ಇನ್ನೊಂದು ಕಾಲಲ್ಲೂ ಶುರುವಾಗಿತ್ತು. ಸುತ್ತಲಿನ ಬಿಳಿ ಕೂದಲು ಹಳದಿಗಟ್ಟಿತ್ತು.

ಕೇಜಿನ ತಳ ಏನು ಎಂದು ಕೇಳಿದೆ. ತಂತಿ ಜಾಲರಿ ಎಂದರು. ಹಿಕ್ಕೆ, ಉಚ್ಚೆ ಕೆಳಗೆ ಬೀಳಲಿ ಎಂದು ಹಾಕಿಸಿದ್ದು. ಮೂರೂವರೆ ಕಿಲೋ ಮೈ ಎರಡು ವರ್ಷ ತಂತಿಯ ಮೇಲೆ ನಿಂತಿತ್ತು.

“ದಿನಾ ಎತ್ಕೋತೀನಿ ಮೇಡಂ. ಕಾಲಡಿ ನೋಡೇ ಇರ್ಲಿಲ್ಲ” ಎಂದಳು ಹುಡುಗಿ. ಕಣ್ಣು ತುಂಬಿಕೊಂಡಿತ್ತು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಮಾತು ಹೇಳಿದೆ. ಆ ಅರ್ಜಿ ಇಲ್ಲದಿದ್ದರೆ ಈ ಹುಣ್ಣು ಇನ್ನೂ ಎಷ್ಟು ತಿಂಗಳು ಕಾಣದೇ ಇರುತ್ತಿತ್ತೋ. ಪ್ರದರ್ಶನ ಅಂದ ಕೂಡಲೇ ಬೈಯುವವರಿಗೆ ನಾನು ಇದನ್ನೇ ಹೇಳುತ್ತೇನೆ. ಯಾರೋ ನೋಡುತ್ತಾರೆ ಅಂತಾದಾಗ ನಾವೂ ನೋಡುತ್ತೇವೆ.

ಮಲ್ಲಿಗೆಯ ವಿಷಯ ಅಲ್ಲಿಗೆ ಮುಗಿಯಿತು. ಜಾಲರಿಯ ಮೇಲೆ ಹಲಗೆ, ಅದರ ಮೇಲೆ ಗೋಣಿ, ಮೇಲೆ ರಾಗಿ ಹುಲ್ಲು, ದಿನಾ ಬದಲಾಯಿಸಬೇಕು. ಹುಣ್ಣಿಗೆ ಔಷಧಿ ನಾನೇ ಕೊಟ್ಟೆ. ಮೆಡಿಕಲ್ ಸ್ಟೋರಿನಿಂದ ಅಮಾಕ್ಸಿಸಿಲಿನ್ ತಂದು ಬಾಯಿಗೆ ಹಾಕಬೇಡಿ ಎಂದು ಎರಡು ಸಲ ಹೇಳಿದೆ. ಮನುಷ್ಯರಿಗೆ ಸಲೀಸಾದ ಆ ಮಾತ್ರೆ ಮೊಲದ ಕರುಳಿನಲ್ಲಿ ಬೇಕಾದ ಕ್ರಿಮಿಗಳನ್ನು ಕೊಂದು ಮೊಲವನ್ನೇ ಕೊಲ್ಲುತ್ತದೆ.

ಸಹಿ ಯಾಕೆ ಹಾಕಲಿಲ್ಲ

ಗುಂಡನಿಗೆ ರೋಗ ಇರಲಿಲ್ಲ. ಕಾಗದದ ಮಟ್ಟಿಗೆ ಅವತ್ತೇ ಸಹಿ ಹಾಕಬಹುದಿತ್ತು. ವರ್ಷಗಳ ಹಿಂದೆ ನಾನು ಹಾಗೇ ಮಾಡಿದ್ದೆ. ಒಬ್ಬ ಹುಡುಗನ ಕಪ್ಪು ಮೊಲ. ಹಲ್ಲು ನೋಡಿದೆ, ಕಿವಿ ನೋಡಿದೆ, ಐದು ನಿಮಿಷದಲ್ಲಿ ಸಹಿ ಹಾಕಿದೆ. ಏಪ್ರಿಲ್ ತಿಂಗಳು. ತಗಡಿನ ಶೀಟಿನ ಕೆಳಗೆ ಇಡೀ ದಿನ ಇತ್ತಂತೆ. ಮನೆಗೆ ಬಂದ ಮೇಲೆ ಮೂಲೆ ಹಿಡಿದು ಕೂತಿತು. ಸುಸ್ತಾಗಿದೆ, ಮಲಗಲಿ ಎಂದು ಬಿಟ್ಟರು. ಮೂವತ್ತು ಗಂಟೆ ಆದ ಮೇಲೆ ನನ್ನ ಹತ್ತಿರ ತಂದರು. ಹೊಟ್ಟೆ ಡೋಲಿನ ಹಾಗಿತ್ತು, ಮೈ ತಣ್ಣಗಿತ್ತು. ಉಳಿಸಲು ಆಗಲಿಲ್ಲ. ಆ ಮೊಲಕ್ಕೂ ಕಾಗದದಲ್ಲಿ ರೋಗ ಇರಲಿಲ್ಲ.

ಅದಕ್ಕೇ ಹುಡುಗಿಗೆ ಒಂದು ಕೆಲಸ ಕೊಟ್ಟೆ. ಒಂದು ನೋಟ್‌ಬುಕ್ ಇಡು. ಬೆಳಗ್ಗೆ ಆರರಿಂದ ಮರುದಿನ ಬೆಳಗ್ಗೆ ಆರರ ತನಕ ಗುಂಡ ಹಾಕಿದ ಹಿಕ್ಕೆಯನ್ನೆಲ್ಲ ಒಂದು ಪ್ಲಾಸ್ಟಿಕ್ ಲೋಟಕ್ಕೆ ತುಂಬು. ಲೋಟ ಎಷ್ಟು ತುಂಬಿತು, ಹಿಕ್ಕೆ ದಪ್ಪ ಇದೆಯೋ ಸಣ್ಣ ಇದೆಯೋ, ಮೊದಲ ತುತ್ತು ಯಾವಾಗ ತಿಂದ, ಬರೆದಿಡು. ಮೊಲ ತನ್ನ ಭಯವನ್ನು ಮುಖದಲ್ಲಿ ಬಚ್ಚಿಡಬಹುದು, ಹಿಕ್ಕೆಯಲ್ಲಿ ಬಚ್ಚಿಡಲು ಆಗುವುದಿಲ್ಲ.

ಮರುದಿನ ಬೆಳಗ್ಗೆ ಏಳಕ್ಕೇ ಫೋನ್ ಬಂತು. ಕ್ಲಿನಿಕ್ಕಿನಿಂದ ಹೋದ ರಾತ್ರಿ ಗುಂಡ ಏನೂ ಮುಟ್ಟಿರಲಿಲ್ಲ. ಬೆಳಗಿನ ಜಾವ ಐದಕ್ಕೆ ಒಂದು ಕಡ್ಡಿ ಕೊತ್ತಂಬರಿ ತಿಂದ. ಲೋಟದಲ್ಲಿ ಕಾಲು ಭಾಗ, ಹಿಕ್ಕೆ ಮೆಣಸಿನಕಾಳಿನಷ್ಟು. ಮೂರನೇ ದಿನಕ್ಕೆ ಮುಕ್ಕಾಲು ಲೋಟಕ್ಕೆ ಬಂತು. ಆಮೇಲೆ ಒಂದು ವಾರ ಅಷ್ಟೇ ಇತ್ತು. ಅವನ ಮಾಮೂಲು ಮುಕ್ಕಾಲು ಲೋಟ ಎಂದು ಗೊತ್ತಾಯಿತು.

ಮುಕ್ಕಾಲು ಗಂಟೆಯ ದಾರಿ, ಹತ್ತು ನಿಮಿಷದ ಮೇಜು. ಅಷ್ಟಕ್ಕೇ ಎರಡು ದಿನದ ಪೆಟ್ಟು. ಬೆಂಗಳೂರಿನಲ್ಲಿ ಬೆಳಗ್ಗೆ ಎಂಟರಿಂದ ಸಂಜೆ ಐದರ ತನಕ ಇರಬೇಕು. ಅದೇ ಹಾಲ್‌ನಲ್ಲಿ ನಾಯಿಗಳು. ಮೈಕು. ಬಂದವರೆಲ್ಲ ಮುಟ್ಟುವುದು, ಎತ್ತಿ ಸೆಲ್ಫಿ ತೆಗೆದುಕೊಳ್ಳುವುದು. ಮಾರ್ಚ್ ಮಧ್ಯಾಹ್ನದ ಸೆಕೆ ಬೇರೆ. ಮೊಲ ನಮ್ಮ ಹಾಗೆ ಬೆವರುವುದಿಲ್ಲ. ಮೈ ಬಿಸಿಯನ್ನು ಹೆಚ್ಚಾಗಿ ಕಿವಿಯ ರಕ್ತನಾಳಗಳಿಂದಲೇ ಹೊರಹಾಕಬೇಕು. ಸುತ್ತಲಿನ ಗಾಳಿ 30 ಡಿಗ್ರಿ ದಾಟಿದರೆ ಅದು ಕಷ್ಟ.

“ಕಾರಲ್ಲಿ ಎಸಿ ಹಾಕ್ಕೊಂಡು ಹೋಗ್ತೀವಿ” ಎಂದರು ಅಪ್ಪ ಫೋನಿನಲ್ಲಿ. ಕಾರು ಎರಡು ಗಂಟೆ, ಹಾಲ್ ಒಂಬತ್ತು ಗಂಟೆ ಎಂದೆ. ಅವರಿಗೆ ಸಮಾಧಾನ ಆಗಲಿಲ್ಲ. ನಾನು ಸುಮ್ನೆ ಕಷ್ಟ ಕೊಡುತ್ತಿದ್ದೇನೆ ಅಂತ ಅನ್ನಿಸಿರಬೇಕು.

ಹುಳು ಮನೆಯ ಬಾಗಿಲಲ್ಲಿ

ಫೆಬ್ರವರಿಯಲ್ಲಿ ಮಲ್ಲಿಗೆಯ ಕಾಲು ನೋಡಲು ಅವರ ಮನೆಗೇ ಹೋದೆ. ಹುಳು ಮನೆಯನ್ನೂ ನೋಡುವ ಆಸೆ ಇತ್ತು. ಬಾಗಿಲಲ್ಲೇ ಅಪ್ಪ ತಡೆದರು. “ಕಾಲು ತೊಳ್ಕೊಂಡು ಬನ್ನಿ ಡಾಕ್ಟ್ರಮ್ಮ. ಬೇರೆ ಮನೆ ಹುಳು ಹತ್ರ ಹೋಗಿದ್ರೆ ಬರ್ಲೇಬೇಡಿ, ಬೇಜಾರ್ ಮಾಡ್ಕೋಬೇಡಿ.” ಹೊಸಿಲ ಮುಂದೆ ಸುಣ್ಣದ ಪುಡಿ ಚೆಲ್ಲಿದ್ದರು. ಒಳಗೆ ಹುಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಹೊತ್ತಿಗೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಹುಳು ಬದುಕಿನಲ್ಲಿ ನಾಲ್ಕು ಸಲ ಹೀಗೆ ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ಆಗ ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲುಗಿಸುವುದಿಲ್ಲ, ಜೋರಾಗಿ ಓಡಾಡುವುದೂ ಇಲ್ಲ.

ನನಗೆ ಹೇಳಬೇಕಾದದ್ದೆಲ್ಲ ಅಲ್ಲೇ ಸಿಕ್ಕಿತು. ಹತ್ತು ಊರಿನ ಮೊಲ ಒಂದೇ ಹಾಲ್‌ನಲ್ಲಿ ಸೇರುವುದು ಅಂದರೆ ಹತ್ತು ಮನೆಯವರು ಕಾಲು ತೊಳೆಯದೆ ಹುಳು ಮನೆಗೆ ನುಗ್ಗಿದ ಹಾಗೆ. ನೆಗಡಿ ತರುವ ಪಾಸ್ಚುರೆಲ್ಲಾ ಎಂಬ ಕ್ರಿಮಿ, ಕಜ್ಜಿ, ಕಿವಿ ಹುಳ ಎಲ್ಲಾ ಹಾಗೇ ಹಬ್ಬುವುದು. ಮೇಲ್ನೋಟಕ್ಕೆ ಚೆನ್ನಾಗಿರುವ ಮೊಲವೂ ಪಾಸ್ಚುರೆಲ್ಲಾ ಹೊತ್ತಿರಬಹುದು. ಮೊಲಗಳ ರಕ್ತಸ್ರಾವ ರೋಗ ಎಂದೊಂದಿದೆ. 1984ರಲ್ಲಿ ಚೀನಾದಲ್ಲಿ ಮೊದಲು ಕಂಡದ್ದು. ಅದರ ಎರಡನೇ ಬಗೆ 2010ರಲ್ಲಿ ಫ್ರಾನ್ಸಿನಲ್ಲಿ ಕಾಣಿಸಿತು. ಹೊರದೇಶಗಳಲ್ಲಿ ಅದು ಹಬ್ಬಿದಾಗ ಮೊಲದ ಪ್ರದರ್ಶನಗಳನ್ನೇ ನಿಲ್ಲಿಸುತ್ತಾರೆ.

“ಜ್ವರಕ್ಕೆ ಕೂತ ಹುಳು ಸುಮ್ನಿದೆ ಅಂತ ಯಾರಾದ್ರೂ ಎತ್ತಿ ತೋರಿಸ್ತಾರಾ?” ಎಂದು ಕೇಳಿದೆ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ “ಮಾರ್ಚ್‌ದು ಬಿಡ್ಲಿ” ಎಂದು ಮಗಳ ಕಡೆ ನೋಡಿದರು. ಅವಳು ಎದ್ದು ಒಳಗೆ ಹೋದಳು. ಆ ಸಂಜೆ ನನ್ನ ಜೊತೆ ಮಾತಾಡಲೇ ಇಲ್ಲ. ನನಗೂ ಕಷ್ಟವಾಯಿತು.

ದಾರಿ ತೋರಿಸಿದ್ದು ಅಜ್ಜಿ. ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಅವರ ಯಜಮಾನರು ಹಳ್ಳಿಕಾರ್ ಎತ್ತು ಕಟ್ಟುತ್ತಿದ್ದರಂತೆ. ಶಿವರಾತ್ರಿ ಹೊತ್ತಿಗೆ ನಂದಿ ಜಾತ್ರೆಗೆ ಹೊಡೆದುಕೊಂಡು ಹೋಗುತ್ತಿದ್ದರು. “ಒಂದೇ ಸಲ ಜಾತ್ರೆಗೆ ಒಯ್ತಿರ್ಲಿಲ್ಲ ಕಣಮ್ಮ. ಮೊದ್ಲು ಸಂತೆಗೆ ಹೊಡ್ಕೊಂಡು ಹೋಗಿ ಬರೋರು. ತಮಟೆ ಸದ್ದು, ಜನ ಎಲ್ಲಾ ಅಭ್ಯಾಸ ಆಗ್ಬೇಕಲ್ಲ. ಆದ್ರೂ ಬೆದರೋ ಎತ್ತಿದ್ರೆ ಅದನ್ನ ಮನೇಲೇ ಬಿಡೋರು. ಎಷ್ಟೇ ಚೆಂದ ಇರ್ಲಿ.”

ಮೊಲ ಎತ್ತಿನಷ್ಟು ಒಗ್ಗುವ ಪ್ರಾಣಿ ಅಲ್ಲ. ಆದರೂ ಆ ಮಾತನ್ನು ಹಾಗೇ ತೆಗೆದುಕೊಂಡೆ. ಮೊದಲು ಸಂತೆ, ಆಮೇಲೆ ಜಾತ್ರೆ.

ಲೋಟದ ಲೆಕ್ಕ

ಬಿದಿರಿನ ಮುಚ್ಚಳದ ಬುಟ್ಟಿಯೊಂದನ್ನು ಗುಂಡನ ಕೇಜಿನೊಳಗೇ ಇಟ್ಟರು. ಒಳಗೆ ಅವನದೇ ಗೋಣಿ, ಅವನದೇ ಹುಲ್ಲು. ಹತ್ತು ದಿನ ಹತ್ತಿರ ಸುಳಿಯಲಿಲ್ಲ. ಹನ್ನೊಂದನೇ ದಿನ ಒಳಗೆ ಮಲಗಿದ್ದ. ಆಮೇಲೆ ಬುಟ್ಟಿ ಎತ್ತಿ ಇಳಿಸುವುದು. ಆಮೇಲೆ ಎತ್ತಿಕೊಂಡು ತೋಟದ ತನಕ. ಆಮೇಲೆ ಕಾರಿನಲ್ಲಿ ಊರ ಬಾಗಿಲಿಗೆ ಹೋಗಿ ವಾಪಸ್ಸು. ಪ್ರತಿ ಹೆಜ್ಜೆಯ ಮರುದಿನ ಲೋಟ ನೋಡುವುದು. ಅರ್ಧಕ್ಕಿಂತ ಕಮ್ಮಿ ಇದ್ದರೆ ಒಂದು ಹೆಜ್ಜೆ ಹಿಂದಕ್ಕೆ, ಮುಕ್ಕಾಲು ಇದ್ದರೆ ಮುಂದಕ್ಕೆ. ಈ ನಿಯಮ ಮಾಡಿದವಳು ಹುಡುಗಿಯೇ.

ಪರೀಕ್ಷೆ ಮುಗಿದ ಮೇಲೆ ಹೊಸಬರ ಕೈ. ಮೊದಲು ಚಿಕ್ಕಮ್ಮ, ಆಮೇಲೆ ಪಕ್ಕದ ಮನೆಯವರು. ಎತ್ತುವುದಲ್ಲ, ಗೋಣಿ ಹಾಸಿದ ಮೇಜಿನ ಮೇಲೆ ಮುಟ್ಟುವುದು, ಕಿವಿ ನೋಡುವುದು, ತುಟಿ ಸರಿಸಿ ಹಲ್ಲು ನೋಡುವುದು. ಮೊದಲ ಸಲ ಅರ್ಧ ಲೋಟ. ನಾಲ್ಕನೇ ಸಲ ಮುಕ್ಕಾಲು.

ಮೇ ತಿಂಗಳಲ್ಲಿ ಎಲ್ಲ ಹಿಂದಕ್ಕೆ ಹೋಯಿತು. ಊರ ಹಬ್ಬ, ರಾತ್ರಿಯಿಡೀ ತಮಟೆ. ಗುಂಡ ಹಿಂಗಾಲಿನಿಂದ ನೆಲ ಬಡಿಯುತ್ತಲೇ ಇದ್ದ. ಲೋಟ ಕಾಲು ಭಾಗಕ್ಕೆ ಇಳಿಯಿತು. ಅದರ ಹಿಂದೆಯೇ ಕೂದಲು ಉದುರುವ ಕಾಲ ಬಂತು. ಆಗ ಮೈ ನೆಕ್ಕಿದ ಕೂದಲು ಹೊಟ್ಟೆಗೆ ಹೋಗಿ ಹಿಕ್ಕೆ ಸರದ ಹಾಗೆ ಒಂದಕ್ಕೊಂದು ಅಂಟಿ ಬರುತ್ತದೆ. ದಿನಾ ಬಾಚಿ, ಒಣ ಹುಲ್ಲು ಜಾಸ್ತಿ ಕೊಟ್ಟು, ಬೇರೆಲ್ಲ ಬಿಡಿ ಎಂದೆ. “ಗುಂಡನೂ ಜ್ವರಕ್ಕೆ ಕೂತಿದಾನೆ” ಎಂದರಂತೆ ಅಪ್ಪ. ನಾಲ್ಕು ವಾರ ಯಾರೂ ಅವನನ್ನು ಕೆಣಕಲಿಲ್ಲ.

ಜುಲೈ ಕೊನೆಗೆ ಕಾರಿನಲ್ಲಿ ನನ್ನ ಕ್ಲಿನಿಕ್ಕಿಗೆ ಬಂದು ಅರ್ಧ ಗಂಟೆ ಇದ್ದು ಹೋದ. ಮೇಜಿನ ಮೇಲೆ ಉಸಿರು ನಿಮಿಷಕ್ಕೆ 70. ಮೂಗು ಆಡುತ್ತಿತ್ತು. ನನ್ನ ಎದುರೇ ಬುಟ್ಟಿಯ ಹುಲ್ಲನ್ನು ಎಳೆದು ತಿಂದ. ಮರುದಿನ ಲೋಟ ಮುಕ್ಕಾಲು.

ಮಲ್ಲಿಗೆಯ ಹುಣ್ಣು ಜೂನ್ ಹೊತ್ತಿಗೆ ಒಣಗಿ ತೆಳ್ಳಗೆ ಕೂದಲು ಬಂದಿತ್ತು. ಅವಳನ್ನೂ ಅಭ್ಯಾಸ ಮಾಡಿಸೋಣವೇ ಎಂದು ಅಪ್ಪ ಕೇಳಿದರು. ಬೇಡ ಎಂದೆ. ಅವಳು ಎತ್ತಿದಾಗಲೆಲ್ಲ ಒದೆಯುತ್ತಾಳೆ. ಹೊಸಬರ ಕೈಯಲ್ಲಿ ಒಂದೇ ಒಂದು ಸಲ ಒದ್ದರೂ ಸಾಕು, ಬೆನ್ನಿಗೆ ಕೇಡು. ಅವಳು ನೆಲದ ಮೇಲೆ ಖುಷಿಯಾಗಿದ್ದಾಳೆ.

ಆಗಸ್ಟಿನ ಭಾನುವಾರ

ಆಗಸ್ಟಿನಲ್ಲಿ ಚಿಕ್ಕಬಳ್ಳಾಪುರದಲ್ಲೇ ಒಂದು ಸಣ್ಣ ಪ್ರದರ್ಶನ. ಬೆಳಗ್ಗೆ ಒಂಬತ್ತರಿಂದ ಹನ್ನೊಂದೂವರೆ. ಹುಡುಗಿ ಅರ್ಜಿ ತರುವ ಮೊದಲು ನಡೆಸುವವರಿಗೆ ಫೋನ್ ಮಾಡಿದಳು. ನಾಯಿಗಳಿಗೆ ಬೇರೆ ಕೋಣೆಯೇ? ಮೊಲ ಎತ್ತುವವರು ಯಾರು? ಬಾಗಿಲಲ್ಲಿ ಮೂಗು, ಕಿವಿ ಪರೀಕ್ಷೆ ಮಾಡುತ್ತಾರಾ? ಮಧ್ಯದಲ್ಲಿ ಹೊರಟು ಹೋಗಬಹುದಾ? ಕೊನೆಯ ಪ್ರಶ್ನೆಗೆ ಅವರು ‘ಯಾವಾಗ ಬೇಕಾದ್ರೂ ಹೋಗಮ್ಮ’ ಎಂದರಂತೆ. ನನಗೆ ಅದೇ ಮುಖ್ಯವಾಗಿತ್ತು.

ಸಹಿ ಹಾಕಿದೆ. ಗುಂಡ ಒಬ್ಬನಿಗೆ.

ಹಿಂದಿನ ದಿನ ಅಪ್ಪ ಶಾಂಪೂ ಹಾಕಿ ಸ್ನಾನ ಮಾಡಿಸಲು ಹೊರಟಿದ್ದರು. ಮೊಲಕ್ಕೆ ಸ್ನಾನ ಮಾಡಿಸಬಾರದು. ಒದ್ದೆ ಮೈ ಬೇಗ ಒಣಗುವುದಿಲ್ಲ, ಚಳಿ ಹಿಡಿಯುತ್ತದೆ, ಹೆದರಿಕೆಯಲ್ಲಿ ಜೀವಕ್ಕೇ ಕುತ್ತು ಬರಬಹುದು. ಒದ್ದೆ ಬಟ್ಟೆಯಲ್ಲಿ ಕಾಲು ಒರೆಸಿ, ಮೈ ಬಾಚಿ, ಅಷ್ಟು ಸಾಕು ಎಂದೆ. ನಾಯಿಗೆ ಹಾಕುವ ಉಣ್ಣಿ ಔಷಧಿಯನ್ನೂ ಹಚ್ಚಬೇಡಿ, ಅದರಲ್ಲಿ ಫಿಪ್ರೋನಿಲ್ ಇದ್ದರೆ ಮೊಲಕ್ಕೆ ವಿಷ. ಮನೆಯ ನೀರು, ಮನೆಯ ಹುಲ್ಲು ಒಯ್ಯಬೇಕು. ತಿರುಗಿಸಿ ನೋಡಲೇಬೇಕಾದರೆ ಹುಡುಗಿಯೇ ಹಿಡಿಯಬೇಕು. ಕಿವಿ ಕಾದರೆ, ಬಾಯಿ ತೆರೆದು ಉಸಿರಾಡಿದರೆ, ಹುಲ್ಲು ಬಿಟ್ಟರೆ ಎದ್ದು ಬರಬೇಕು. ಅಮ್ಮ ಇದನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡರು.

ನಾನೂ ಹೋಗಿದ್ದೆ. ಏಳು ಮೊಲ ಬಂದಿದ್ದವು. ಗುಂಡ ಬುಟ್ಟಿಯಿಂದ ಮೇಜಿಗೆ ತಾನೇ ಇಳಿದ. ತೀರ್ಪುಗಾರರು ಕಿವಿ, ಹಲ್ಲು ನೋಡುವಾಗ ಹುಡುಗಿಯ ಅಂಗೈ ಅವನ ಬೆನ್ನ ಮೇಲಿತ್ತು. ಬಹುಮಾನ ಉದ್ದ ಕೂದಲಿನ ಒಂದು ಬೂದು ಮೊಲಕ್ಕೆ ಹೋಯಿತು. ಗುಂಡನ ಎಡ ಮುಂಗಾಲಿನ ಉಗುರು ಸ್ವಲ್ಪ ಉದ್ದ ಬಿಟ್ಟಿದ್ದೀಯಮ್ಮ ಎಂದರು ತೀರ್ಪುಗಾರರು. ಅವಳು ಅಲ್ಲೇ ನೋಟ್‌ಬುಕ್ ತೆಗೆದು ಬರೆದುಕೊಂಡಳು. ಹನ್ನೊಂದಕ್ಕೆ ಜನ ಜಾಸ್ತಿ ಆದರು. ಅವಳು ಬುಟ್ಟಿ ಎತ್ತಿಕೊಂಡು “ಹೋಗೋಣ ಅಪ್ಪ” ಎಂದಳು. ಬಹುಮಾನ ವಿತರಣೆಗೆ ನಿಲ್ಲಲಿಲ್ಲ.

“ಮುಂದಿನ ಸಲ ಬರುತ್ತೆ ಬಿಡು” ಎಂದರು ಅಪ್ಪ.

“ಮುಂದಿನ ಸಲ ಹೋಗೋದಾ ಅಂತ ನಾಳೆ ಹೇಳ್ತೀನಿ” ಎಂದಳು.

ಮನೆಯಲ್ಲಿ ಗುಂಡನಿಗೆ ಎರಡು ವಾರ ಬೇರೆ ಜಾಗ ಮಾಡಿದ್ದರು, ಮಲ್ಲಿಗೆಯಿಂದ ದೂರ, ಜಗಲಿಯ ಇನ್ನೊಂದು ತುದಿಯಲ್ಲಿ. ಮೊದಲು ಮಲ್ಲಿಗೆಗೆ ಸೊಪ್ಪು, ಆಮೇಲೆ ಗುಂಡನಿಗೆ, ನಡುವೆ ಕೈ ತೊಳೆಯುವುದು. ಇದನ್ನೂ ನಾನು ಹೇಳಬೇಕಾಗಲಿಲ್ಲ.

ಸೋಮವಾರ ಬೆಳಗ್ಗೆ ನೋಟ್‌ಬುಕ್ಕಿನ ಆ ಪುಟದ ಫೋಟೋ ಕಳಿಸಿದ್ದಳು. ಅದೇ ದುಂಡಗಿನ ಅಕ್ಷರ:

“ಭಾನುವಾರ. 11.50ಕ್ಕೆ ಮನೆಗೆ ಬಂದೆವು. 12.05ಕ್ಕೆ ಹುಲ್ಲು ತಿಂದ. ಸಂಜೆ ಕಾಲು ಚಾಚಿ ಪಕ್ಕಕ್ಕೆ ಮಲಗಿದ. ರಾತ್ರಿ ಒಂಬತ್ತಕ್ಕೆ ಮೂಗು ಆಡುತ್ತಿತ್ತು. ಸೋಮವಾರ ಬೆಳಗ್ಗೆ ಆರು: ಹಿಕ್ಕೆ ದಪ್ಪ ಇದೆ. ಲೋಟ ಮುಕ್ಕಾಲಿಗೆ ಸ್ವಲ್ಪ ಕಮ್ಮಿ.”